ದಶಮಿ ಸೋಕಿದ ಏಕಾದಶಿ

ಆಷಾಢ ಶುದ್ಧ ಏಕಾದಶಿ, ಶುಕ್ರವಾರ

ಇಂದು ಪ್ರಥಮೈಕಾದಶಿ. ತುಳಸಿ ತೀರ್ಥ ಬಿಟ್ಟರೆ ಬಾಯಿಗೆ ಏನೂ ಇಲ್ಲ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟು, ಸ್ನಾನ ಮಾಡಿ, ಗಳುವಿನ ಮೇಲಿದ್ದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡೆ. ಮೋಡಕ್ಕೆ ಒಣಗಿರಲಿಲ್ಲ, ತೇವದಲ್ಲೇ ಉಟ್ಟೆ. ದೇವರ ಪಾತ್ರೆ ತೊಳೆದೆ. ಅಡುಗೆಯಿಲ್ಲದ ದಿನ ಒಲೆಯ ಕಟ್ಟೆ ಉಜ್ಜುವುದೇ ದೊಡ್ಡ ಕೆಲಸ.

ಮಠಕ್ಕೆ ಹೋಗಿ ಕಾಸಿದ ಶಂಖಚಕ್ರದ ಮುದ್ರೆ ಹಾಕಿಸಿಕೊಂಡು ಬಂದೆವು. ತೋಳು ಇನ್ನೂ ಚುರುಚುರು ಎನ್ನುತ್ತಿದೆ. ನಾಳೆಯಿಂದ ಒಂದು ತಿಂಗಳು ಶಾಕವ್ರತ. ತರಕಾರಿ, ಸೊಪ್ಪು ಏನೂ ಇಲ್ಲ. ನಮ್ಮ ಮನೆಯವರಿಗೆ ಇದು ಸಿಟ್ಟಿನ ತಿಂಗಳು. ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಮೊಹರು ಒತ್ತುವ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೆ ನನ್ನ ಸಾರನ್ನು ಪರೀಕ್ಷಿಸುತ್ತಾರೆ.

ಮಹಡಿಯಲ್ಲಿ ಚಿನ್ಮಯ್ ಇದ್ದಾನೆ, ನಮ್ಮ ನಾದಿನಿಯ ಮಗ. ದೊಡ್ಡ ಕಂಪನಿ ಬಿಟ್ಟು ಸ್ವಂತದ್ದು ಶುರು ಮಾಡಿದ್ದಾನೆ. ಪಾಲುದಾರ ಹಣಮಂತ ಬಾಗಲಕೋಟೆ ಕಡೆಯವನು, ಪೀಣ್ಯದ ಶೆಡ್ಡೊಂದರಲ್ಲಿ ತಗಡಿನ ಕೆಲಸ ಮಾಡುತ್ತಿದ್ದವನು. ಇಬ್ಬರೂ ಸೇರಿ ಗುಡಿಗಳಿಗೆ ಒಂದು ಯಂತ್ರ ಮಾಡುತ್ತಿದ್ದಾರೆ. ಮಂಗಳಾರತಿಗೆ ಅದು ತಾನೇ ಗಂಟೆ ಜಾಗಟೆ ಬಾರಿಸುತ್ತದೆ. ಮೇಲಿನ ಗಾಜಿನಲ್ಲಿ ಅಂದಿನ ತಿಥಿ, ಉಪವಾಸ, ಪಾರಣೆಯ ಹೊತ್ತು ಕೆಂಪಕ್ಷರದಲ್ಲಿ ಹರಿಯುತ್ತದೆ. ಗಂಟೆ ಹಣಮಂತನದು, ಅಕ್ಷರ ಚಿನ್ಮಯನದು. ಆದರೆ ತಿಥಿಯ ಲೆಕ್ಕ ಹಾಕುವ ಪ್ರೋಗ್ರಾಮು ಎಲ್ಲಿಂದ ತರಬೇಕು ಎನ್ನುವುದೇ ಈಗ ಜಗಳ.

ಮಧ್ಯಾಹ್ನ ಚಿನ್ಮಯ್ ಕೆಳಗಿಳಿದು ಬಂದ. "ಅತ್ತೆ, ಎರಡು ದಾರಿ ಇದೆ. ಮುಂಬೈ ಕಂಪನಿಯೊಂದು ಸಿದ್ಧ ಮಾಡಿದ್ದು ಕೊಡುತ್ತೆ. ಒಳಗೇನಿದೆ ಅಂತ ತೋರಿಸಲ್ಲ, ನಾವು ಮುಟ್ಟೋ ಹಾಗೂ ಇಲ್ಲ. ಇನ್ನೊಂದು ಓಪನ್ ಸೋರ್ಸ್. ಲೆಕ್ಕ ಎಲ್ಲಾ ಬಿಚ್ಚಿಟ್ಟಿರ್ತಾರೆ. ಯಾರು ಬೇಕಾದ್ರೂ ಓದಬಹುದು, ತಪ್ಪಿದ್ರೆ ತಿದ್ದಬಹುದು."

"ಯಾರು ಬೇಕಾದ್ರೂ ಅಂದ್ರೆ?"

"ಅಂದ್ರೆ ಯಾರು ಬೇಕಾದ್ರೂ ಅತ್ತೆ. ಜರ್ಮನಿಯೋನು, ಪೀಣ್ಯದೋನು."

"ಸ್ನಾನ ಮಾಡಿರೋನು, ಮಾಡದೇ ಇರೋನು?"

ಬಾಗಿಲಾಚೆ ಜಗುಲಿಯಲ್ಲಿ ಕೂತಿದ್ದ ಹಣಮಂತ ಜೋರಾಗಿ ನಕ್ಕ. ನಗಲಿ. ದೇವರ ದಿನವನ್ನು ಲೆಕ್ಕ ಹಾಕುವ ಪಾತ್ರೆಗೆ ಕಂಡಕಂಡವರು ಕೈ ಹಾಕಬಾರದು. ಮುಚ್ಚಿದ್ದೇ ಮಡಿ. ನಾನು ಹಾಗೆಯೇ ಹೇಳಿದೆ. ಇವರೂ "ಕಂಪನಿದು ಅಂದ್ರೆ ಹಿಂದೆ ಒಂದು ಮೊಹರು ಇರುತ್ತೆ ಕಣೋ" ಎಂದರು.

ಸಂಜೆ ಮನೆ ತುಂಬ ನಿಶ್ಶಬ್ದ. ಮೊದಲು ಏಕಾದಶಿಯ ಸಂಜೆ "ಇನ್ನೆಷ್ಟು ಹೊತ್ತಮ್ಮ" ಎಂದು ಹಿಂದೆ ಮುಂದೆ ಸುತ್ತುವವಳೊಬ್ಬಳಿದ್ದಳು. ಉಪವಾಸ ಮಾಡಬೇಡವೆಂದರೂ ಹಠ ಹಿಡಿದು ನನ್ನ ಜೊತೆ ಮಾಡುವವಳು. ಅವಳೂ ಕಂಪ್ಯೂಟರ್ ಕಲಿತವಳೇ. ತಾನು ಒಪ್ಪಿದ ಹುಡುಗನನ್ನು, ಬೇರೆ ಜನದವನನ್ನು, ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದ ದಿನ ಇವರು ನನ್ನನ್ನು ದೇವರ ಮುಂದೆ ನಿಲ್ಲಿಸಿ, "ಅವಳ ಹತ್ರ ಮಾತಾಡಿದ್ರೆ ನನ್ನ ಮೇಲಾಣೆ" ಎಂದರು. ಮೂರು ವರ್ಷವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾಳಂತೆ. ಇದೇ ಊರಿನ ಇನ್ನೊಂದು ತುದಿ.

ಅವಳ ಹೆಸರನ್ನು ಈ ಮನೆಯಲ್ಲಿ ಎತ್ತುವಂತಿಲ್ಲ. ನಾನೂ ಎತ್ತುವುದಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಆಷಾಢ ಶುದ್ಧ ತ್ರಯೋದಶಿ, ಭಾನುವಾರ

ಕಂಪನಿಯವನು ಬಂದಿದ್ದ. ಇಸ್ತ್ರಿ ಅಂಗಿ, ಹೊಳೆಯುವ ಬೂಟು. ಬೂಟು ಬಿಚ್ಚಲು ಹೇಳಬೇಕಾಯಿತು. ನೂರು ವರ್ಷದ ತಿಥಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೋರಿಸಿದ. ಇವರು ಕೇಳಿದ್ದಕ್ಕೆಲ್ಲ "ಯೆಸ್ ಸಾರ್, ಗ್ಯಾರಂಟಿ ಸಾರ್." ಚಿನ್ಮಯ್ ಮಾತ್ರ "ಒಳಗಿನ ಲೆಕ್ಕ ನೋಡಬಹುದಾ?" ಎಂದು ಕೇಳಿದ. "ಅದು ಕಂಪನಿಯ ಗುಟ್ಟು ಸಾರ್."

ಪರೀಕ್ಷೆಗೆಂದು ಅದನ್ನೇ ಹಾಕುವುದೆಂದಾಯಿತು.

ಹಣಮಂತನಿಗೆ ಜಗುಲಿಗೇ ಉಪ್ಪಿಟ್ಟು ಕೊಟ್ಟೆ. ತಟ್ಟೆ ತೊಳೆದು ಕಿಟಕಿಯ ಮೇಲಿಟ್ಟು ಹೋಗಿದ್ದಾನೆ. ಅಚ್ಚುಕಟ್ಟು ಹುಡುಗ.

ಆಷಾಢ ಬಹುಳ ಪಂಚಮಿ, ಭಾನುವಾರ

ಯಂತ್ರವನ್ನು ನಮ್ಮ ಬೀದಿಯ ಆಂಜನೇಯನ ಗುಡಿಯಲ್ಲಿ ಕೂರಿಸಿದರು. ಗಂಟೆ ಬಾರಿಸಿದ್ದೇ ತಡ, ಗೋಪುರದ ಪಾರಿವಾಳಗಳೆಲ್ಲ ಎದ್ದು ಮೆಟ್ರೋ ಕಂಬದ ಮೇಲೆ ಕೂತವು. ಇವರಿಗೆ ಎಷ್ಟು ಹೆಮ್ಮೆಯೆಂದರೆ, ಮನೆಗೆ ಬಂದು ಮೊಳೆಯಲ್ಲಿ ತೂಗುತ್ತಿದ್ದ ಮಠದ ಪಂಚಾಂಗವನ್ನು ತೆಗೆದು ಅಟ್ಟಕ್ಕೆ ಹಾಕಿದರು. "ಇನ್ನು ಇದರ ಕೆಲಸ ಇಲ್ಲ ಕಣೇ."

ಗೋಡೆಯ ಮೇಲೆ ಅದರ ಜಾಗ ಬಿಳಿಯಾಗಿ ಉಳಿದಿದೆ.

ಆಷಾಢ ಬಹುಳ, ತಿಥಿ ಏನೆಂದು ಬರೆಯಲಿ? ಭಾನುವಾರ

ಹೇಳಿಕೊಳ್ಳಲು ನಾಚಿಕೆ. ಆದರೂ ಬರೆಯುತ್ತೇನೆ.

ಗುಡಿಯ ಯಂತ್ರದಲ್ಲಿ ನಿನ್ನೆ ಏಕಾದಶಿ ಎಂದು ಬಂತು. ಉಪವಾಸ ಮಾಡಿದೆವು. ಇಂದು ಬೆಳಗ್ಗೆ ಪಾರಣೆಯ ಹೊತ್ತು ತೋರಿಸಿತು. ಎದ್ದು ಅನ್ನ, ಮೆಣಸಿನ ಸಾರು ಮಾಡಿ ನೈವೇದ್ಯವಾಗಿ ಇಬ್ಬರೂ ಊಟ ಮಾಡಿದೆವು. ಎಲೆ ಎತ್ತುವಾಗ ಎದುರು ಮನೆಯ ಅಶ್ವತ್ಥಮ್ಮ ಕಿಟಕಿಯಲ್ಲಿ ನಿಂತು ಮೂಗು ಮೇಲೆ ಮಾಡಿ ಕೇಳಿದರು:

"ಏನ್ರೀ ವೆಂಕಟಲಕ್ಷ್ಮಮ್ಮ, ಏಕಾದಶಿ ದಿನ ಒಗ್ಗರಣೆ ವಾಸನೆ?"

"ಏಕಾದಶಿ ನಿನ್ನೆ ಆಯ್ತಲ್ರೀ."

"ಮಠದಲ್ಲಿ ಇವತ್ತು ಕಣ್ರೀ! ನಿನ್ನೆ ಬೆಳಗಿನ ಜಾವ ದಶಮಿ ಇತ್ತು. ನಿಮ್ಮನೇಲೇ ಹೀಗಾದ್ರೆ ಬೇರೆಯವರ ಗತಿ ಏನು!"

ಅಟ್ಟ ಹತ್ತಿ ಪಂಚಾಂಗ ಇಳಿಸಿ ನೋಡಿದೆ. ಇಂದೇ. ಸೂರ್ಯ ಹುಟ್ಟುವ ಮೊದಲಿನ ಅರುಣೋದಯದ ಹೊತ್ತಿಗೆ ದಶಮಿ ಸೋಕಿದ ಏಕಾದಶಿಯನ್ನು ನಮ್ಮವರು ಬಿಡುತ್ತಾರೆ, ಮರುದಿನ ಉಪವಾಸ. ಅದನ್ನು ಯಂತ್ರ ತಿಳಿಯಲಿಲ್ಲ. ಬುದ್ಧಿ ತಿಳಿದಾಗಿನಿಂದ ಏಕಾದಶಿಯಂದು ಅನ್ನ ಮುಟ್ಟಿದವಳಲ್ಲ ನಾನು. ಇಂದು ಎರಡನೇ ಸಲ ಬಡಿಸಿಕೊಂಡಿದ್ದೆ.

ಬೀದಿಯಲ್ಲಿ ಗುಡಿಯನ್ನು ನಂಬಿದ ಮನೆಗಳೆಲ್ಲ ಉಂಡಿವೆ. ನೀರೂ ಕುಡಿಯದೆ ದೇವರ ಕೋಣೆಯಲ್ಲಿ ಕೂತಿದ್ದೇನೆ. ಈ ಮಾತನ್ನು ಒಬ್ಬರಿಗೆ ಹೇಳಬೇಕು ಅನಿಸುತ್ತಿದೆ. ಕೇಳಿ ಮೊದಲು ನಗುವವಳು, ಆಮೇಲೆ ಪಕ್ಕದಲ್ಲಿ ಬಂದು ಕೂರುವವಳು.

ಆಷಾಢ ಬಹುಳ ದ್ವಾದಶಿ, ಸೋಮವಾರ

ಕಂಪನಿಗೆ ಚಿನ್ಮಯ್ ಫೋನು ಮಾಡಿದ. ಸ್ಪೀಕರಿಗೆ ಹಾಕಿದ್ದ, ನಾನೂ ಕೇಳಿದೆ. "ನಮ್ಮ ಲೆಕ್ಕ ಸರಿ ಇದೆ ಸಾರ್. ಸೂರ್ಯೋದಯಕ್ಕೆ ಏಕಾದಶಿ ಇತ್ತು. ನಿಮ್ಮ ಪದ್ಧತಿ ಬೇರೆ ಇದ್ರೆ ಮನವಿ ಕಳಿಸಿ, ಮುಂದೆ ನೋಡೋಣ." ಇವನು "ಎಲ್ಲಿ ಬದಲಾಯಿಸಬೇಕು ಅಂತ ತೋರಿಸಿ, ನಾನೇ ಮಾಡ್ತೀನಿ" ಎಂದ. "ಅದಕ್ಕೆ ಅವಕಾಶ ಇಲ್ಲ ಸಾರ್."

ಹಣಮಂತ ತಲೆ ಕೆರೆದುಕೊಂಡ. "ಅಮ್ಮಾರ, ಆ ಮಷೀನಿಗೆ ಬಾಯಿ ಐತ್ರಿ, ಕಿವಿ ಇಲ್ಲ."

ನಗು ಬಂತು. ನಿನ್ನೆಯಿಂದ ಇಲ್ಲದ ನಗು. ಇವರು ಯಾರ ಮೇಲೂ ಸಿಟ್ಟು ಮಾಡದೆ ಸುಮ್ಮನೆ ಪಂಚಾಂಗವನ್ನು ಮತ್ತೆ ಮೊಳೆಗೆ ಹಾಕಿದರು.

ಭೀಮನ ಅಮಾವಾಸ್ಯೆ, ಬುಧವಾರ

ಇವರಿಗೆ ಪಾದಪೂಜೆ ಮಾಡಿ, ದಾರ ಕಟ್ಟಿಕೊಂಡೆ. ಅವಳೂ ಅವಳ ಗಂಡನಿಗೆ ಮಾಡುತ್ತಿರಬಹುದೇ? ಹುಡುಗನ ಹೆಸರು ಪರಮಾನಂದ. ವಿಜಯಪುರದ ಕಡೆಯವನು. ಒಂದೇ ಸಲ ನೋಡಿದ್ದು, ಕಾಲೇಜಿನ ಗೇಟಿನಲ್ಲಿ. ಎದ್ದು ನಿಂತು ನಮಸ್ಕಾರ ಮಾಡಿದ್ದ. ಮುಖ ನೆನಪಿಗೆ ಬರುತ್ತಿಲ್ಲ, ಎದ್ದು ನಿಂತದ್ದು ಮಾತ್ರ ನೆನಪಿದೆ.

ಚಿನ್ಮಯ್ ಈಗ ಓಪನ್ ಸೋರ್ಸಿನದನ್ನು ಹಾಕಿ ನೋಡುತ್ತಿದ್ದಾನೆ. ಅದರಲ್ಲೂ ನಮ್ಮ ಪದ್ಧತಿ ಇರಲಿಲ್ಲವಂತೆ. ಆದರೆ ಎಲ್ಲರೂ ಓದುವ ಜಾಗದಲ್ಲಿ, "ದಾಸರಹಳ್ಳಿಯ ಒಂದು ಬೀದಿ ಪೂರ್ತಿ ಏಕಾದಶಿ ದಿನ ಊಟ ಮಾಡಿದೆ, ದಶಮಿ ಸೋಕಿದರೆ ಏನು ಮಾಡಬೇಕೆಂದು ತಿಳಿದವರು ಬರೆಯಿರಿ" ಎಂದು ಹಾಕಿದ್ದಾನೆ. ನನ್ನ ಮರ್ಯಾದೆ ಜರ್ಮನಿಯವರೆಗೂ ಹೋಯಿತು.

ಶ್ರಾವಣ ಶುದ್ಧ ಸಪ್ತಮಿ, ಬುಧವಾರ

ಇಂದಿನದನ್ನು ಹೇಗೆ ಬರೆಯಲಿ.

ಹಣಮಂತ ಊರಿನಿಂದ ಪಂಚಮಿ ಉಂಡೆ ತಂದಿದ್ದ. ಅಡುಗೆಮನೆಯಲ್ಲಿ ಮಣೆ ಹಾಕಿ ಕಾಫಿ ಕೊಟ್ಟೆ. ಅವನು ಅವರಕ್ಕ ತವರಿಗೆ ಬಂದದ್ದು, ಜೋಕಾಲಿ ಕಟ್ಟಿದ್ದು ಹೇಳುತ್ತಿದ್ದ. ಅಷ್ಟರಲ್ಲಿ ಚಿನ್ಮಯ್ ಎರಡು ಹಾಳೆ ಅಚ್ಚು ಹಾಕಿಕೊಂಡು ಬಂದ.

"ಅತ್ತೆ, ಒಬ್ಬರು ತಿದ್ದಿ ಕಳಿಸಿದ್ದಾರೆ. ಇದು ನಮ್ಮ ಪದ್ಧತಿಗೆ ಸರಿಯಾ ನೋಡಿ. ಇಂಗ್ಲಿಷಿಂದು ಬಿಡಿ, ಪಕ್ಕದಲ್ಲಿ ಕನ್ನಡದಲ್ಲೂ ವಿವರ ಬರೆದಿದ್ದಾರೆ."

ಕನ್ನಡಕ ಹಾಕಿಕೊಂಡು ಓದಿದೆ. ಅರುಣೋದಯ ಎಂದರೆ ಎಷ್ಟು ಘಳಿಗೆ ಮೊದಲು, ದಶಮಿ ಅದನ್ನು ಸೋಕಿದರೆ ಉಪವಾಸ ಯಾವಾಗ, ಪಾರಣೆ ಯಾವಾಗ, ಎಲ್ಲ ಕ್ರಮವಾಗಿತ್ತು. ಕೊನೆಯಲ್ಲಿ ಹೀಗಿತ್ತು:

"ಯಾಕೆ ಬಿಡಬೇಕೆಂದು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, ಕಾಯಿಸಿದ ಹಾಲಿಗೆ ಒಂದು ಹನಿ ಮಜ್ಜಿಗೆ ಬಿದ್ದರೆ ಅದು ಹಾಲಾಗಿ ಉಳಿಯುತ್ತದೆಯೇ ಎಂದಳು ನಮ್ಮಮ್ಮ. ಮೊಸರಾದರೆ ಏನಾಯ್ತಮ್ಮ, ಅದೂ ಒಳ್ಳೆಯದೇ ಅಲ್ಲವೇ ಎಂದಿದ್ದೆ ನಾನು. ಅಮ್ಮ ಸೌಟಿನಲ್ಲಿ ಹೊಡೆಯಲು ಬಂದಳು. ಆದರೂ ನಿಯಮ ಅವಳು ಹೇಳಿದ್ದೇ, ಹಾಗೆಯೇ ಇಟ್ಟಿದ್ದೇನೆ."

ಆ ಸೌಟು ಇಲ್ಲೇ ಇದೆ. ಆ ಮಾತು ನಡೆದದ್ದು ಈ ಒಲೆಯ ಮುಂದೆ. ಎರಡು ಜಡೆ ಹಾಕಿಕೊಂಡು, ಹಸಿದ ಹೊಟ್ಟೆಯಲ್ಲಿ, ನನ್ನ ಮುಂದೆ ನಿಂತು ವಾದ ಮಾಡುತ್ತಿದ್ದಳು ಶರಣ್ಯ.

ಚಿನ್ಮಯ್ ನನ್ನ ಮುಖವನ್ನೇ ನೋಡುತ್ತಿದ್ದ.

"ಯಾರೋ ಇದು ಬರೆದಿದ್ದು?" ಎಂದೆ.

"ಹೆಸರು ಹಾಕಿಲ್ಲ ಅತ್ತೆ."

"ನಿಂಗೆ ಗೊತ್ತಾ?"

"ನಿಮಗೆ ಗೊತ್ತಾಗುತ್ತೆ ಅಂತ ಗೊತ್ತಿತ್ತು."

ಹಣಮಂತ ಲೋಟ ಕೆಳಗಿಟ್ಟು ಮೆಲ್ಲಗೆ ಎದ್ದು ಹೊರಗೆ ಹೋದ. ಹಾಳೆಯನ್ನು ಎಷ್ಟು ಸಲ ಓದಿದೆನೋ. ಅವಳು ಇನ್ನೂ ಏಕಾದಶಿ ಮಾಡುತ್ತಾಳೆ.

ಶ್ರಾವಣ ಶುದ್ಧ ನವಮಿ, ಶುಕ್ರವಾರ

ದಿನಕ್ಕೊಂದು ಸಲ ಚಿನ್ಮಯನನ್ನು ಕೇಳುತ್ತೇನೆ, ಏನಾದರೂ ಬಂತಾ ಎಂದು. ನಿನ್ನೆ ಅಧಿಕಮಾಸದ ಲೆಕ್ಕ ಸೇರಿಸಿದ್ದಾಳೆ. ಇಂದು ಏನೂ ಇಲ್ಲ.

ಓದುವುದು ಮಾತಾಡಿದಂತಲ್ಲ. ಬರೆಯುವುದು? ಅದು ಗೊತ್ತಿಲ್ಲ. ಮಠದ ಆಚಾರ್ಯರನ್ನು ಕೇಳೋಣವೆಂದರೆ ಏನೆಂದು ಕೇಳಲಿ.

ಶ್ರಾವಣ ಶುದ್ಧ ಏಕಾದಶಿ, ಭಾನುವಾರ

ಉಪವಾಸ. ನಾಳೆಯಿಂದ ಮೊಸರು ಬಿಡುವ ವ್ರತ.

ಗುಡಿಗಳ ಟ್ರಸ್ಟಿನ ಸೊಣ್ಣಪ್ಪನವರು ಬಂದಿದ್ದರು. ಅವರ ಕೈಯಲ್ಲಿ ತುಮಕೂರು ರಸ್ತೆಯುದ್ದಕ್ಕೂ ಗುಡಿಗಳಿವೆ. ಅವು ಒಪ್ಪಿದರೆ ಈ ಹುಡುಗರು ನಿಂತುಕೊಳ್ಳುತ್ತಾರೆ, ಇಲ್ಲದಿದ್ದರೆ ಚಿನ್ಮಯ್ ಮತ್ತೆ ಕೆಲಸ ಹುಡುಕಬೇಕು. ಹಿಂದೆಯೇ ಕಂಪನಿಯವನೂ ಬಂದ. ಈ ಸಲ ಬೂಟನ್ನು ಗೇಟಿನಲ್ಲೇ ಬಿಚ್ಚಿದ. ನಮ್ಮ ಮಠದ ಪದ್ಧತಿಯನ್ನೂ ಸೇರಿಸಿ ಕೊಡುತ್ತಾರಂತೆ, ತಪ್ಪಾದರೆ ಅವರೇ ಹೊಣೆಯಂತೆ.

"ಇನ್ನೇನು ಬೇಕಪ್ಪಾ ನಿಂಗೆ?" ಎಂದರು ಇವರು ಚಿನ್ಮಯನಿಗೆ.

ಸೊಣ್ಣಪ್ಪನವರೂ ತಲೆಯಾಡಿಸಿದರು. "ನಂಗೆ ಸೋರ್ಸು ಗೀರ್ಸು ಗೊತ್ತಿಲ್ಲಪ್ಪ. ನಾಳೆ ಎಡವಟ್ಟಾದ್ರೆ ಯಾರ್ ಕೊಳ್ಳಪಟ್ಟಿ ಹಿಡ್ಕೊಳ್ಲಿ, ಅದನ್ ಹೇಳು. ಮಂಗಳವಾರ ಬರ್ತೀನಿ, ಒಂದು ತೀರ್ಮಾನ ಮಾಡಿ."

ಅವರೆಲ್ಲ ಹೋದ ಮೇಲೆ ಚಿನ್ಮಯನನ್ನು ಕೇಳಿದೆ, ಕಂಪನಿಯದನ್ನು ತೆಗೆದುಕೊಂಡರೆ ಆ ಬರೆಯುವ ಜಾಗ ಏನಾಗುತ್ತದೆ?

"ಅದು ಅಲ್ಲೇ ಇರುತ್ತೆ ಅತ್ತೆ. ನಮಗೂ ಅದಕ್ಕೂ ಸಂಬಂಧ ಇರಲ್ಲ. ನಾವು ಬಳಸ್ತಿಲ್ಲ ಅಂತ ಗೊತ್ತಾದ್ರೆ ಅವಳು ಯಾಕೆ ಬರೀತಾಳೆ? ಅವಳು ಬರೀತಿರೋದು ಈ ಬೀದಿಗೆ."

ಹಸಿವಿನಿಂದ ಕಣ್ಣು ಕತ್ತಲೆ ಬಂತೋ, ಬೇರೆ ಏನಕ್ಕೋ.

ಶ್ರಾವಣ ಶುದ್ಧ ತ್ರಯೋದಶಿ, ಮಂಗಳವಾರ

ಸೊಣ್ಣಪ್ಪನವರು ಬಂದು ಕೂತರು. ಇವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಕಾಫಿ ತಟ್ಟೆ ಹಿಡಿದು ಬಂದ ನಾನು ಬಾಗಿಲಲ್ಲೇ ನಿಂತು ಹೇಳಿದೆ.

"ಮುಚ್ಚಿದ್ದು ಬೇಡ."

ಎಲ್ಲರೂ ತಿರುಗಿ ನೋಡಿದರು.

"ಮಡಿ ಮಡಿ ಅಂತಿದ್ದೋಳು ನೀನೇ ಅಲ್ವೇನೇ?" ಎಂದರು ಇವರು.

"ಹೌದು. ಈಗ ಬೇಡ ಅಂತಿರೋಳೂ ನಾನೇ. ಅವರದನ್ನ ನಂಬಿ ಏಕಾದಶಿ ದಿನ ಉಂಡೆವು. ಯಾಕೆ ಅಂತ ಕೇಳಿದ್ರೆ ಹೇಳಲಿಲ್ಲ. ಇಲ್ಲಿ ಕೇಳಿದ್ರೆ ಹೇಳಿದಾರೆ."

"ಹೇಳ್ದೋರು ಯಾರು? ಊರಿಲ್ಲ, ಹೆಸರಿಲ್ಲ. ಯಾರು ಪರೀಕ್ಷೆ ಮಾಡಿದ್ದು ಇದನ್ನ?"

ಚಿನ್ಮಯ್ ನನ್ನತ್ತ ನೋಡಿದ. ದೇವರ ಕೋಣೆಯಿಂದ ಆ ಹಾಳೆ ತಂದು ಇವರ ಕೈಗೆ ಕೊಟ್ಟೆ. "ನೀವೇ ಪರೀಕ್ಷೆ ಮಾಡಿ."

ಓದಿದರು. ಬೆರಳಿಟ್ಟು ಒಂದೊಂದೇ ಸಾಲು, ಕಾರ್ಖಾನೆಯಲ್ಲಿ ಓದುತ್ತಿದ್ದ ಹಾಗೆ. ಪಂಚಾಂಗ ತರಿಸಿಕೊಂಡು ತಾಳೆ ನೋಡಿದರು. ಕೊನೆಯ ಸಾಲುಗಳಿಗೆ ಬಂದಾಗ ಬೆರಳು ನಿಂತಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಹಾಕಿಕೊಂಡು ಮತ್ತೆ ಓದಿದರು. ಸೊಣ್ಣಪ್ಪನವರ ಕಾಫಿ ಆರಿತು.

"ಏನ್ ರಾಯರೇ, ತಪ್ಪಿದೆಯಾ?"

"ಲೆಕ್ಕ ಸರಿಯಾಗಿದೆ," ಎಂದರು. ಹಾಳೆ ಮಡಚಿಕೊಳ್ಳುತ್ತ ಇನ್ನೊಮ್ಮೆ, "ಲೆಕ್ಕದಲ್ಲಿ ತಪ್ಪಿಲ್ಲ."

"ಮತ್ತೆ ಮುಂದೆ ಎಡವಟ್ಟಾದ್ರೆ?"

ಹಣಮಂತ ಬಾಗಿಲಿಂದ ಹೇಳಿದ, "ನಮ್ಮ ಕೊಳ್ಳಪಟ್ಟಿ ಹಿಡೀರಿ ಸಾರ್. ಮುಂಬೈಗೆ ಯಾಕ ಹೋಗ್ತೀರಿ, ಪೀಣ್ಯದಾಗ ಇರ್ತೀವಿ. ಬಸ್ ಚಾರ್ಜ್ ಉಳೀತದ."

ಸೊಣ್ಣಪ್ಪನವರು ನಕ್ಕರು. ಎಲ್ಲ ಗುಡಿಗಳಿಗೂ ಅಲ್ಲ, ಅರ್ಧಕ್ಕೆ ಒಪ್ಪಿದರು. ಉಳಿದದ್ದು ದೀಪಾವಳಿಯ ಮೇಲೆ ನೋಡೋಣ ಎಂದರು. ಚಿನ್ಮಯನಿಗೆ ಅಷ್ಟು ಸಾಕಾಗಿತ್ತು.

ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮಳೆ ಹನಿಯುತ್ತಿತ್ತು, ಛತ್ರಿ ಒಯ್ಯಲಿಲ್ಲ. ನಾಗಸಂದ್ರ ಸ್ಟೇಷನ್ನಿನವರೆಗೂ ನಡೆದು ಹೋಗಿದ್ದರಂತೆ. ಬಂದು ತಲೆ ಒರೆಸಿಕೊಂಡು ಊಟಕ್ಕೆ ಕೂತರು. ಸಾರಿನ ಬಗ್ಗೆ ಏನೂ ಹೇಳಲಿಲ್ಲ. ಹಾಳೆಯನ್ನು ನನಗೆ ವಾಪಸು ಕೊಡಲಿಲ್ಲ.

ಶ್ರಾವಣ ಬಹುಳ ಬಿದಿಗೆ, ಶನಿವಾರ

ರಾಯರ ಆರಾಧನೆ. ಬೆಳಗಿನಿಂದ ಹೂರಣ ಅರೆದು, ಒಬ್ಬಟ್ಟು ತಟ್ಟಿ, ಮಧ್ಯಾಹ್ನ ಎಲ್ಲರಿಗೂ ಬಡಿಸಿದೆ. ಹಣಮಂತ ಇವರ ಪಕ್ಕದಲ್ಲೇ ಕೂತು ಉಂಡ. "ಇನ್ನೊಂದು ಹಾಕಿಸ್ಕೋ, ನಾಚ್ಕೋಬೇಡ" ಎಂದು ಇವರೇ ಹೇಳುತ್ತಿದ್ದರು.

ನಿನ್ನೆ ಸಂಜೆ ಮಹಡಿ ಹತ್ತಿ ಹೋಗಿ ಚಿನ್ಮಯನ ಕೈಯಲ್ಲಿ ಬರೆಸಿದೆ. ಮಾತಾಡಿದಂತಾಯಿತೋ ಇಲ್ಲವೋ, ದೇವರು ನೋಡಿಕೊಳ್ಳಲಿ. ನಾನು ಹೇಳಿದ್ದು ಇಷ್ಟು:

"ನೀನು ಬರೆದದ್ದು ಸರಿಯಾಗಿದೆ. ಅಪ್ಪನೂ ನೋಡಿದರು, ತಪ್ಪಿಲ್ಲ ಎಂದರು. ಪಾರಣೆಗೆ ಯಾರು ಮಾಡಿ ಹಾಕುತ್ತಾರೆ ನಿನಗೆ? ಬೇಗ ಎದ್ದರೆ ತಲೆ ಸುತ್ತುತ್ತಿತ್ತಲ್ಲ, ಈಗಲೂ ಸುತ್ತುತ್ತದೆಯೇ? ಪರಮಾನಂದನಿಗೆ ನಮ್ಮ ಕಡೆ ಸಾರು ಸೇರುತ್ತದೆಯೇ?"

ಚಿನ್ಮಯ್ ಬರೆಯುವುದನ್ನು ನಿಲ್ಲಿಸಿದ. "ಅತ್ತೆ, ಇದು ಪ್ರಪಂಚದವರೆಲ್ಲ ಓದೋ ಜಾಗ."

"ಓದ್ಲಿ," ಎಂದೆ.

ಆಗಿನಿಂದ ಒಂದೇ ಸಮನೆ ಮೆಟ್ಟಿಲ ಸದ್ದಿಗೆ ಕಿವಿ ಕೊಟ್ಟಿದ್ದೇನೆ. ಬಡಿಸುವಾಗ ತುಪ್ಪವನ್ನು ಒಬ್ಬರಿಗೇ ಎರಡು ಸಲ ಹಾಕಿದೆ. ಎಲ್ಲ ಮುಗಿಸಿ, ಅಡುಗೆಮನೆ ತೊಳೆದು, ಈಗ ಕಂಬಕ್ಕೊರಗಿ ಇದನ್ನು ಬರೆಯುತ್ತಿದ್ದೇನೆ. ಇವರು ಜಗುಲಿಯಲ್ಲಿ ಪೇಪರ್ ಹಿಡಿದಿದ್ದಾರೆ. ಬಹಳ ಹೊತ್ತಿನಿಂದ ಒಂದೇ ಪುಟ.

ಚಿನ್ಮಯ್ ಮೇಲಿನಿಂದ ಕೂಗುತ್ತಿದ್ದಾನೆ. "ಅತ್ತೆ, ಬಂತು! ಉದ್ದಕ್ಕಿದೆ!"

ಇವರಿಗೂ ಕೇಳಿಸಿದೆ, ಪೇಪರ್ ಮಡಚಿದ ಸದ್ದಾಯಿತು.

"ರೀ, ನನಗೆ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ನೀವೇ ಮೇಲೆ ಹೋಗಿ, ಶರಣ್ಯ ಬರೆದಿರೋದನ್ನ ಇಸ್ಕೊಂಡು ಬನ್ನಿ."